ದಮ್ಮಿನ ಬುಗ್ಗಿಯ ಉಡಚವ್ವ

ಗದಗಿನ ಪಕ್ಕದ ಬೆಟಗೇರಿಯಲ್ಲಿ ಇನ್ನೂ ನಸುಕು. ತಿಪ್ಪೆಯ ಅಂಚಿನಲ್ಲಿ ಒಬ್ಬ ಹೆಂಗಸು ಔಡಲ, ಅಂದರೆ ಹರಳೆಣ್ಣೆ ಗಿಡದ ಎಲೆ ಕೊಯ್ಯುತ್ತಿದ್ದಾಳೆ. ಅವಳಿಗೆ ಬೇಕಾದದ್ದು ಎಲೆಯಲ್ಲ, ಎಲೆಯ ದಂಟು. ಎಲೆಯನ್ನು ಕಿತ್ತು ಚೆಲ್ಲುತ್ತಾಳೆ. ದಂಟಿನ ಎರಡೂ ತುದಿಯನ್ನು ಕುಡಗೋಲಿನಿಂದ ಓರಣವಾಗಿ ಕೊಯ್ದು, ಒಳಗಿನ ತೂತು ಸಲೀಸಾಗಿದೆಯೇ ಎಂದು ನೋಡುತ್ತಾಳೆ. ಬಾಯಿ ಹಚ್ಚಿ ಒಮ್ಮೆ ಊದಿದರೆ ತಿಳಿಯುತ್ತದೆ. ಆದರೆ ಅವಳು ಊದುವಂತಿಲ್ಲ. ದಂಟನ್ನು ಕಣ್ಣಿಗೆ ಹಿಡಿದು ಮೂಡಲ ಕಡೆ ತಿರುಗುತ್ತಾಳೆ. ಆ ತುದಿಯಲ್ಲಿ ಕಾಳಿನಷ್ಟು ಬೆಳಕು ಕಂಡರೆ ದಂಟು ಸೆರಗಿನ ಗಂಟು ಸೇರುತ್ತದೆ.

“ನಾ ಊದಿದ್ದು ಊರೊಳಗಿನವರ ಬಾಯಾಗ ಹೋಗಂಗಿಲ್ರಿ,” ಎನ್ನುತ್ತಾಳೆ ಉಡಚವ್ವ. “ಜೀವ ಹೋದ್ರೂ ಹೋಗಂಗಿಲ್ಲ. ಖರೆ ಹೇಳ್ಬೇಕಂದ್ರ, ಜೀವಾನ ಹೋಗ್ತಿತ್ತು.”

ಅವಳ ಕಂಕುಳಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿಯೊಳಗೆ ಹಳೆ ಸೀರೆಯ ಚೂರು, ಅದರೊಳಗೆ ಮುಷ್ಟಿಗಾತ್ರದ ಗಾಜಿನ ಬುರುಡೆ. ಬುರುಡೆಗೆ ಒಂದು ಕಡೆ ಮೂತಿ, ಇನ್ನೊಂದು ಕಡೆ ರಬ್ಬರಿನ ಬುಗ್ಗಿ. ಬುಗ್ಗಿ ಅದುಮಿದರೆ ಒಳಗಿನ ಔಷಧದ ನೀರು ಮಂಜಿನಂತೆ ಸಣ್ಣಗಾಗಿ ಮೂತಿಯಿಂದ ಹೊರಬರುತ್ತದೆ. ಅದನ್ನು ಉಸಿರಿನೊಡನೆ ಎದೆಗೆ ಎಳೆದುಕೊಂಡರೆ ಬಿಗಿದ ಎದೆ ಸಡಿಲಾಗುತ್ತದೆ. ಡಾಕ್ಟರು ಇದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಾರೆ. ಬೆಟಗೇರಿಯ ಓಣಿಗಳಲ್ಲಿ ಇದು ದಮ್ಮಿನ ಬುಗ್ಗಿ. ಉಡಚವ್ವ, ಬುಗ್ಗಿಯಾಕಿ.

ವಯಸ್ಸು ಕೇಳಿದರೆ, ದೊಡ್ಡ ಪ್ಲೇಗಿನಲ್ಲಿ ಊರು ಬಿಟ್ಟಾಗ ತಾನು ತಾಯಿಯ ಕಂಕುಳಲ್ಲಿದ್ದೆ ಎನ್ನುತ್ತಾಳೆ; ಅಂದರೆ ಅರವತ್ತರ ಹತ್ತಿರ. ಊರ ಹೊರಗಿನ ಕೇರಿಯವಳು. ಮೊದಲು ಹತ್ತಿ ಗಿರಣಿಯಲ್ಲಿ ದುಡಿದಳು, ಆಮೇಲೆ ಒಂದು ಧರ್ಮಾರ್ಥ ದವಾಖಾನೆಯಲ್ಲಿ ನೆಲ ಒರೆಸಿದಳು. ದಮ್ಮಿನ ಮುದುಕ ಮುದುಕಿಯರು ಅಲ್ಲಿಗೆ ಬಂದು ಉಸಿರು ತಿರುಗಿಸಿಕೊಂಡು ಮನೆಗೆ ಹೋಗುವುದು, ಮತ್ತೆ ತುಟಿ ನೀಲಿಗಟ್ಟಿ ಬರುವುದು ನಡೆದೇ ಇತ್ತು. ಮನೆಮನೆಗೆ ಹೋಗಿ ಹೇಳಿಕೊಡಲು ಡಾಕ್ಟರು ಜನ ಹುಡುಕಿದರು. ಕಂಪೌಂಡರ್ ಒಲ್ಲೆ ಎಂದ. ನರ್ಸಬಾಯಿಗೆ ಬಿಡುವಿರಲಿಲ್ಲ. ಕಡೆಗೆ ಕಸಬರಿಗೆ ಹಿಡಿದವಳನ್ನು ಕರೆದು ಡಬ್ಬಿ ಕೊಟ್ಟರು. ಅದಾಗಿ ಕೆಲವು ಚಳಿಗಾಲ ಕಳೆದಿವೆ.

ಅವಳ ರೋಗಿಗಳಲ್ಲಿ ಹೆಚ್ಚಿನವರು ಹತ್ತಿಯಿಂದ ಕಾಳು ಬಿಡಿಸುವ ಯಂತ್ರದ ಮುಂದೆ ಪ್ರಾಯವೆಲ್ಲ ನಿಂತು ಬಿಳಿ ಧೂಳು ಕುಡಿದವರು. ಮಲ್ಲಸಮುದ್ರ, ಕುರ್ತಕೋಟಿಯವರು ದಿನಾ ನಡೆದು ಬಂದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಹತ್ತಿ ಗಾಡಿಗಳ ಹಿಂದೆ ಬಂದು ಇಲ್ಲೇ ಗುಡಿಸಲು ಹಾಕಿದರು. ಆಗ ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕನದು, ಶಿರಹಟ್ಟಿ ಇನ್ನೊಬ್ಬನದು, ಗದಗ ಬ್ರಿಟಿಷರದು. ಯಾವ ರಾಜ್ಯದಿಂದ ಬಂದೆ ಎಂದು ಧೂಳು ಯಾರನ್ನೂ ಕೇಳಲಿಲ್ಲ, ಯಾವ ಜಾತಿ ಎಂದೂ ಕೇಳಲಿಲ್ಲ. ಹತ್ತಿ ಮುಂಬಯಿಗೆ ಹೋಗಿ ಬಟ್ಟೆಯಾಯಿತು. ಇವರ ಎದೆಯೊಳಗೆ ಕುಳಿತ ಪಾಲು ಇಲ್ಲೇ ಉಳಿಯಿತು. ಅದೊಂದನ್ನು ಮಾತ್ರ ಗಿರಣಿಯ ಧಣಿಗಳು ವಾಪಸು ಕೇಳಲಿಲ್ಲ.

ಮೊದಲ ಮನೆ ಗಾಳೆಪ್ಪನದು. ಉಡಚವ್ವನ ಕೇರಿಯವನೇ, ಗಿರಣಿಯ ಬಾಯ್ಲರಿಗೆ ಕಟ್ಟಿಗೆ ಹಾಕುತ್ತಿದ್ದವನು. ಅವನಿಗೆ ದಂಟು ಬೇಡ, ಗಾಜಿನ ಮೂತಿಯನ್ನೇ ಬಾಯಿಗಿಟ್ಟುಕೊಳ್ಳುತ್ತಾನೆ.

“ಚಿಲುಮಿ ಎಳದ ಬಾಯಿ ಇದು. ನನಗ ಎಳಿಯೋದು ಕಲಸ್ತೀ ಏನ ನೀ?”

“ಎಳಿಯೋದ ಅಲ್ಲೋ ಮಾವಾ, ಬಾಯಿ ಮುಚ್ಚೋದ ಕಲಸ್ತೀನಿ. ಎಳದು ಒಳಗ ಹಿಡಿ. ಬೈಯೋದು ಆಮ್ಯಾಲೆ ಬೈ.”

ಗಾಳೆಪ್ಪ ಎಳೆಯುತ್ತಾನೆ, ಹಿಡಿಯುತ್ತಾನೆ, ಕಣ್ಣು ಕೆಕ್ಕರಿಸಿ ಅವಳನ್ನೇ ನೋಡುತ್ತಾನೆ. ಬಿಟ್ಟ ಉಸಿರಿನ ಜೊತೆಗೇ ಬೈಗುಳ ಬರುತ್ತದೆ. ಅವಳಿಗೆ ಖುಷಿ. “ಬೈಗುಳ ಉದ್ದ ಬಂತಂದ್ರ ಔಷಧ ಇಳದೈತಿ ಅಂತ ತಿಳಕೋರ್ರಿ.”

ಗಂಡಸರಿಗೆ ಚಿಲುಮೆ ಸೇದುವ ರೂಢಿಯಿದೆ. ಹೆಂಗಸರು ಜೀವಮಾನವಿಡೀ ಒಲೆ ಊದಿದವರು, ಕೊಳವೆ ಬಾಯಿಗೆ ಬಂದರೆ ಊದಿಯೇ ಊದುತ್ತಾರೆ. ಅದಕ್ಕೆ ಉಡಚವ್ವನ ಉಪಾಯ ತಂಬಿಗೆ ತಣ್ಣೀರು. ಹೇಳದೆ ಕೇಳದೆ ಮುದುಕಿಯ ಕುತ್ತಿಗೆಗೆ ಚಿಮುಕಿಸಿದರೆ “ಹಾ!” ಎಂದು ಉಸಿರು ಒಳಗೆ ಹೋಗುತ್ತದೆ. ಬುಗ್ಗಿ ಅದುಮಬೇಕಾದದ್ದು ಆ ಗಳಿಗೆಯಲ್ಲಿ. ಊರೊಳಗಿನ ಮನೆಗಳಲ್ಲಿ ನೀರು ಚಿಮುಕಿಸುವ ಕೆಲಸ ಸೊಸೆಯದು. ಅತ್ತೆಗೆ ತಣ್ಣೀರು ಹಾಕಲು ಯಾವ ಸೊಸೆಯೂ ಹಿಂದೆಮುಂದೆ ನೋಡಿಲ್ಲ. ಎರಡು ದಿನ ಕಳೆದ ಮೇಲೆ ನೀರೂ ಬೇಕಾಗುವುದಿಲ್ಲ. ಉಡಚವ್ವ “ತಣ್ಣೀರು!” ಎಂದರೆ ಸಾಕು, ಉಸಿರು ತಾನಾಗಿ ಒಳಗೆ ಹೋಗುತ್ತದೆ.

ಕಲಿಸುವುದಕ್ಕಿಂತ ಬಿಡದಂತೆ ನೋಡಿಕೊಳ್ಳುವುದೇ ಕಷ್ಟ. ಒಂದು ರಾತ್ರಿ ನಿದ್ದೆ ಬಂದರೆ ಆರಾಮಾಯಿತೆಂದು ನಿಲ್ಲಿಸುತ್ತಾರೆ. ಔಷಧದ ಜೋರಿಗೆ ಎದೆ ಡವಡವ ಎಂದರೆ ಹೆದರಿ ನಿಲ್ಲಿಸುತ್ತಾರೆ. ದವಾಖಾನೆಯ ಗುಳಿಗೆಯನ್ನು ದೇವರ ಗೂಡಿನಲ್ಲಿಟ್ಟು ಊದಿನಕಡ್ಡಿ ಬೆಳಗಿದವರಿದ್ದಾರೆ. “ಆ ಹೊಗಿಗೆ ಮತ್ತ ದಮ್ಮು. ಗುಳಿಗಿ ಮಾತ್ರ ಗೂಡಿನ್ಯಾಗ ಆರಾಮ ಕುಂತೈತಿ.” ಆದ್ದರಿಂದ ಒಲೆ ಹಚ್ಚುವ ಮುಂಚೆಯೇ ಅವಳು ಬಾಗಿಲಲ್ಲಿರುತ್ತಾಳೆ. ಬುಗ್ಗಿ ಆಗದೆ ಒಲೆಯಿಲ್ಲ, ಒಲೆಯಿಲ್ಲದೆ ಚಹಾ ಇಲ್ಲ. ಚಹಾದ ಆಸೆಗೆ ಮನೆಮಂದಿಯೆಲ್ಲ ಮುದುಕಿಯ ಬೆನ್ನು ಹತ್ತುತ್ತಾರೆ.

ಇನ್ನು ದಂಟಿನ ಮಾತು. ನಮ್ಮ ಜನ ನೀರು ಕುಡಿಯುವುದು ತಂಬಿಗೆಯನ್ನು ತುಟಿಗೆ ತಾಗಿಸದೆ, ಮುಖ ಮೇಲೆತ್ತಿ, ಗಂಟಲಿಗೆ ಸುರಿದುಕೊಂಡು. ಎಂಜಲಾಗಬಾರದು. ಊರೊಳಗಿನ ಮುದುಕಿಯರು ದಮ್ಮಿನ ಬುಗ್ಗಿಯನ್ನೂ ಹಾಗೆಯೇ ತೆಗೆದುಕೊಂಡರು. ಗಾಜನ್ನು ಗೇಣು ದೂರ ಹಿಡಿಸಿ, ಮುಖ ಎತ್ತಿ, ಬಾಯಿ ತೆರೆದು, ಉಸಿರು ಕಟ್ಟಿ ಕುಳಿತರು. ನೀರು ಸುರಿದುಕೊಳ್ಳುವಾಗ ಉಸಿರು ಕಟ್ಟಬೇಕು, ಇಲ್ಲದಿದ್ದರೆ ನೆತ್ತಿಗೇರುತ್ತದೆ. ಉಸಿರಿನ ಔಷಧವನ್ನು ಉಸಿರು ಕಟ್ಟಿ ತೆಗೆದುಕೊಂಡರು! ಮಂಜು ಮೂಗಿಗೆ, ಗಲ್ಲಕ್ಕೆ ಹತ್ತಿತೇ ಹೊರತು ಎದೆಗೆ ಇಳಿಯಲಿಲ್ಲ. ಎಷ್ಟು ಬಿಸಿನೀರಿನಲ್ಲಿ ತೊಳೆದರೂ ಅದು ಹತ್ತು ಬಾಯಿ ಮುಟ್ಟಿದ ಗಾಜು. ಅದಕ್ಕಿಂತ ಹೆಚ್ಚಾಗಿ, ಉಡಚವ್ವ ಮುಟ್ಟಿದ ಗಾಜು.

ಆಗ ಅವಳಿಗೆ ಹೊಳೆದದ್ದು ಔಡಲ ದಂಟು. ಮೂತಿಗೆ ಸಿಕ್ಕಿಸಿದರೆ ತುಟಿಗೆ ತಾಗುವುದು ದಂಟು ಮಾತ್ರ. ಒಬ್ಬೊಬ್ಬರಿಗೆ ಒಂದೊಂದು, ದಿನಾ ಹೊಸದು. ಹಸಿ ದಂಟಿಗೆ ಮೈಲಿಗೆಯಿಲ್ಲವಂತೆ. “ಯಾ ಸ್ವಾಮಿ ಹೇಳ್ಯಾನಂತ ಕೇಳಬ್ಯಾಡ್ರಿ, ನಾನ ಹೇಳೀನಿ,” ಎಂದು ನಗುತ್ತಾಳೆ. ನಗು ಮುಗಿದ ಮೇಲೆ ದನಿ ಬದಲಾಗುತ್ತದೆ. “ಅವರ ಜಾತಿ ಉಳೀಲಿ ಅಂತ ದಂಟು ಕೊಯ್ಯಾಕತ್ತೀನಿ ಅನಸ್ತೈತಿ ಒಮ್ಮೊಮ್ಮಿ. ಏನ ಮಾಡೂದ್ರಿ? ಅವರ ಉಸಿರು ನಿಂತ ಮ್ಯಾಲೆ ನಾ ಯಾರ ಕೂಡ ಜಗಳಾಡ್ಲಿ?”

ದಿನಾ ಕಡೆಗೆ ಹೋಗುವ ಮನೆ ಸಾವಂತ್ರೆವ್ವನದು. ಒಕ್ಕಲು ಮನೆತನದವಳು, ಗಂಡ ತೀರಿದ ಮೇಲೆ ಗಿರಣಿಗೆ ಬಂದಳು. ಒಂದೇ ಯಂತ್ರದ ಆಚೆ ಅವಳು, ಈಚೆ ಉಡಚವ್ವ. ಊಟಕ್ಕೆ ಬಿಟ್ಟಾಗ ಉಡಚವ್ವ ನೀರಿನ ಹಂಡೆ ಮುಟ್ಟುವಂತಿರಲಿಲ್ಲ. ಸಾವಂತ್ರೆವ್ವ ಮೇಲಿನಿಂದ ಅವಳ ಬೊಗಸೆಗೆ ನೀರು ಹಾಕುತ್ತಿದ್ದಳು.

“ಛಲೋ ಹಾಕ್ತಿದ್ಲರಿ. ಉಳದೋರು ಎರಡು ಗುಟುಕು ಹಾಕಿ ತಂಬಿಗಿ ಎತ್ತತಿದ್ರು. ಆಕಿ ನಾ ಸಾಕು ಅನ್ನೂತನಕ ಹಾಕ್ತಿದ್ಲು. ಒಮ್ಮೊಮ್ಮಿ ಬೇಕಂತನ ನನ್ನ ಮಾರಿಮ್ಯಾಲೆ ಚೆಲ್ಲಿ ನಗತಿದ್ಲು. ಆವಾಗ ನಾ ‘ಹಾ!’ ಅಂತಿದ್ದೆ. ಈ ತಣ್ಣೀರಿನ ಆಟ ಆಕಿನ ಕಲಿಸಿದ್ದು.”

ಈಗ ಡಾಕ್ಟರು ಹೇಳಿಬಿಟ್ಟಿದ್ದಾರೆ: ಬೆಳಿಗ್ಗೆ ಸಂಜೆ ತಪ್ಪದೆ ಔಷಧ ಎದೆಗೆ ಇಳಿಯದಿದ್ದರೆ ಸಾವಂತ್ರೆವ್ವ ಈ ಚಳಿ ದಾಟುವುದಿಲ್ಲ.

ಹೋದ ನವೆಂಬರ್ ಒಂದರಂದು ನಾಡು ಒಂದಾಯಿತು. ದೀಪಾವಳಿಯೂ ಕೂಡಿಬಂತು. ಸಾವಂತ್ರೆವ್ವನ ಮಗ ಅಂದಾನಪ್ಪ ಹತ್ತಿ ದಲಾಲಿ ನಡೆಸುವ ಅಡತಿ ಅಂಗಡಿಯ ಗುಮಾಸ್ತ, ಓಣಿಯ ಮೆರವಣಿಗೆಯ ಮುಂದಾಳು. ಕನ್ನಡಿಗರೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ನಸುಕಿನಲ್ಲೇ ಮನೆಯ ಮುಂದೆ ಪಟಾಕಿ ಸರ ಹಚ್ಚಿದ. ಹೊಗೆ ಪಡಸಾಲೆಗೆ ನುಗ್ಗಿತು. ಉಡಚವ್ವ ಓಣಿಯ ತಿರುವಿಗೆ ಬರುವಷ್ಟರಲ್ಲಿ ಸೊಸೆ ಸುಮಿತ್ರವ್ವ ಬೀದಿಗೆ ಬಂದು ಚೀರುತ್ತಿದ್ದಳು. ಮುಂದಿನದನ್ನು ಉಡಚವ್ವನೇ ಹೇಳುತ್ತಾಳೆ.

“ದಿನದಂಗ ಹೊಸ್ತಿಲದಾಗ ನಿಂತು ದಂಟು ಹಚ್ಚಿ ಕೊಟ್ಟೆ. ಆಕಿ ಹಲ್ಲು ಕಚ್ಚಿದ್ಲು, ದಂಟು ಜಜ್ಜಿಹೋತು. ಇನ್ನೊಂದು ಕೊಟ್ಟೆ, ಅದೂ ಹೋತು. ತುಟಿ ನೀಲಿ ಆಗಿದ್ವು. ಅಂದಾನಪ್ಪನ ಮಾರಿ ನೋಡ್ದೆ. ಬಾ ಅನ್ನಲಿಲ್ಲ, ಬ್ಯಾಡಾನೂ ಅನ್ನಲಿಲ್ಲ. ಹೊಕ್ಕೆ. ಆಕಿ ತಲಿ ತೊಡಿಮ್ಯಾಲೆ ಇಟ್ಕೊಂಡೆ, ಬರೇ ಗಾಜು ಬಾಯಾಗಿಟ್ಟೆ, ತಣ್ಣೀರು ಅಂದೆ. ಎಳದ್ಲು ನೋಡ್ರಿ!”

ತುಟಿಗೆ ಬಣ್ಣ ಬಂತು. ಸಾವಂತ್ರೆವ್ವ ಕಣ್ಣು ಬಿಟ್ಟು, ತಾನು ಯಾರ ತೊಡೆಯ ಮೇಲಿದ್ದೇನೆಂದು ನೋಡಿದಳು. ಉಡಚವ್ವ ಓಣಿ ದಾಟುವ ಮುಂಚೆಯೇ ಪಡಸಾಲೆಗೆ ನೀರು ಸುರಿಯುವ ಸಪ್ಪಳ ಕೇಳಿತು. ನೆಲ ತೊಳೆದರು, ಹಾಸಿಗೆ ತೊಳೆದರು, ಗಂಜಲ ಚಿಮುಕಿಸಿದರು. ಸಂಜೆ ಮೆರವಣಿಗೆಯಲ್ಲಿ ಅಂದಾನಪ್ಪ ಮತ್ತೆ ಒಂದೇ ತಾಯಿಯ ಮಕ್ಕಳ ಬಗ್ಗೆ ಕೂಗಿದ.

ಅವನನ್ನು ಕೇಳಿದರೆ, “ನನಗೇನೂ ಇಲ್ರಿ. ಮನ್ಯಾಗ ಹೆಣ್ಣಮಕ್ಕಳು ಒಪ್ಪಬೇಕಲ್ಲ?” ಎನ್ನುತ್ತಾನೆ.

ಒಳಗಿನಿಂದ ಸುಮಿತ್ರವ್ವನ ದನಿ ಬರುತ್ತದೆ: “ಗಂಜಲ ತಂದಾವ್ರು ಯಾರಂತ ಹೇಳ್ರಿ ಮತ್ತ!”

ಅಸ್ಪೃಶ್ಯತೆ ಅಪರಾಧವೆಂದು ದಿಲ್ಲಿಯಲ್ಲಿ ಕಾನೂನಾಗಿ ವರ್ಷದ ಮೇಲಾಯಿತು. ನಕಾಶೆಯ ಮೇಲಿನ ಗೆರೆಗಳನ್ನೆಲ್ಲ ಅಳಿಸಿ ಹಾರ ಹಾಕಿಕೊಂಡಿದ್ದೇವೆ. ಬೆಟಗೇರಿಯ ಒಂದು ಹೊಸ್ತಿಲನ್ನು ಅಳಿಸುವುದು ನಮ್ಮ ಕೈಲಾಗಲಿಲ್ಲ. ಜೀವ ಉಳಿಸಿದ ಕೈಯ ಗುರುತನ್ನು ಗಂಜಲದಿಂದ ತೊಳೆಯುವ ನಾಡು ಯಾವುದರಲ್ಲಿ ಒಂದಾಗಿದೆ? ಭಾಷಣ ಮಾಡಿದವರು ಹೇಳಲಿ.

ಕೆಲವೇ ದಿನಗಳಲ್ಲಿ ಅಂದಾನಪ್ಪ ಹುಬ್ಬಳ್ಳಿಯಿಂದ ಬೇರೆ ಬುಗ್ಗಿ ತರಿಸಿದ. ಮನೆಯದೇ ಗಾಜು, ಇನ್ನು ಬುಗ್ಗಿಯಾಕಿ ಬೇಕಿಲ್ಲ. ಆದರೆ ಸೊಸೆ ಅದುಮಿದಾಗ ಅತ್ತೆ ಎಳೆಯುವುದಿಲ್ಲ, ಅತ್ತೆ ಎಳೆದಾಗ ಸೊಸೆ ಅದುಮುವುದಿಲ್ಲ. ಮುದುಕಿ ಮತ್ತೆ ಮುಖ ಎತ್ತಿ ಉಸಿರು ಕಟ್ಟತೊಡಗಿದಳು, ತುಟಿ ಮತ್ತೆ ನೀಲಿಗಟ್ಟಿತು. ಕಡೆಗೆ ಸುಮಿತ್ರವ್ವನೇ ಕೇರಿಯ ಅಂಚಿಗೆ ಬಂದು ನಿಂತು ಕೂಗಿ ಕರೆದಳು.

ಈಗ ದಿನಾ ಬೆಳಿಗ್ಗೆ ಸಂಜೆ ಉಡಚವ್ವ ಆ ಮನೆಯ ಮುಂದೆ ಬೀದಿಯಲ್ಲಿ ನಿಲ್ಲುತ್ತಾಳೆ. ಕಿಟಕಿಯೊಳಗೆ ಸಾವಂತ್ರೆವ್ವ, ಅವಳ ಪಕ್ಕ ಹೊಸ ಗಾಜು ಹಿಡಿದ ಸೊಸೆ.

“ಅವ್ವಾರ, ಕುಂತೀರೇನ್ರಿ?”

“ಹೂಂ.”

“ಮಾರಿ ಎತ್ತಬ್ಯಾಡ್ರಿ, ಅದು ತಂಬಿಗಿ ಅಲ್ಲ. ಉಸಿರು ಪೂರಾ ಬಿಡ್ರಿ. ಬಾಯಾಗ ಇಟ್ಕೋರ್ರಿ. ತಣ್ಣೀರು!”

ಒಳಗೆ “ಹಾ!” ಎಂಬ ಸಪ್ಪಳ. ಬೀದಿಯಲ್ಲಿ ಉಡಚವ್ವ ಬರಿಗೈಯನ್ನು ಮುಷ್ಟಿ ಹಿಡಿದು ಅದುಮುತ್ತಾಳೆ, ಬುಗ್ಗಿ ಅವಳ ಕೈಯಲ್ಲೇ ಇದ್ದಂತೆ. “ಹಿಡೀರಿ, ಹಿಡೀರಿ… ಹಾಂ, ಬಿಡ್ರಿ.” ಹಾದುಹೋಗುವ ಹಾಲಿನವನು ನಿಂತು ನೋಡಿ ನಗುತ್ತಾನೆ. ಸಾವಂತ್ರೆವ್ವ ಇನ್ನೂ ಬದುಕಿದ್ದಾಳೆ. ಚಳಿ ಇನ್ನೂ ಮುಗಿದಿಲ್ಲ.

ಏನಾದರೂ ಆಸೆಯಿದೆಯೇ ಎಂದರೆ ಉಡಚವ್ವ ಡಬ್ಬಿಯನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸುತ್ತಾಳೆ.

“ಒಂದ ಸಲ ಆಕಿ ‘ಉಡಚವ್ವಾ, ಒಳಗ ಬಾ’ ಅನ್ನಬೇಕ್ರಿ. ಮಗನ ಮುಂದ, ಓಣಿಗೆಲ್ಲಾ ಕೇಳೂವಂಗ.”

“ಕರದ್ರ ಹೋಗ್ತೀರೇನು?”

“ನಾ ಯಾಕ ಹೋಗ್ಲಿ? ಹೋಗಂಗಿಲ್ಲ. ಆದ್ರ ಓಣಿಗೆಲ್ಲಾ ಕೇಳೂವಂಗ ಕರೀಬೇಕಂದ್ರ ಎದಿಯಾಗ ಅಷ್ಟು ಉಸಿರು ಇರಬೇಕಲ್ರಿ ಆಕಿಗೆ. ಅದಕ್ಕನ ದಿನಾ ಬರ್ತೀನಿ.”