ಆರನೆಯ ಖೋಲಿಯ ತಗಡು

ಇಳಕಲ್ಲಿನ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಫೀಲ್ಡ್ ಆಫೀಸರ್ ಆಗಿದ್ದ ಎರಡನೆಯ ಬೇಸಿಗೆ ಅದು. ಹುನಗುಂದದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಆಗ ನಮ್ಮಲ್ಲಿ ರೆಂಟಲ್ ಲೋನ್ ಹೊಸದು. ಮಾಲೀಕರ ಸಂಬಳ ಕೇಳದೆ, ಆಸ್ತಿಯಿಂದ ಬರುವ ಬಾಡಿಗೆ ನೋಡಿ ಕೊಡುವ ಸಾಲ.

ನೀಲವ್ವ ಅರ್ಜಿ ಹಾಕಿದರು. ಅವರವು ಆರು ಖೋಲಿ. ಐದರಲ್ಲಿ ನೇಕಾರರು ಬಾಡಿಗೆಗೆ, ಆರನೆಯದರಲ್ಲಿ ತಾವು. ತಗಡಿನ ಚಾವಣಿ ತೂತುಬಿದ್ದಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ನೀರು ತುಂಬಿದರೆ ನೇಯ್ಗೆ ನಿಂತಂತೆಯೇ. ಮಳೆಗಾಲದೊಳಗೆ ಹೊಸ ಚಾವಣಿ ಆಗದಿದ್ದರೆ ಐದೂ ಮನೆಯವರು ಬೇರೆ ಕಡೆ ಹೊರಡುವವರಿದ್ದರು.

ಅವರ ಬಾಡಿಗೆ ವಹಿಯಲ್ಲಿ ಅಲ್ಲಲ್ಲಿ ಎರಡೆರಡು ತಿಂಗಳು ಖಾಲಿ. ಸ್ಥಳಕ್ಕೆ ಹೋಗದೆ, ಕೂತಲ್ಲೇ ‘ಖೋಲಿಗಳು ಆಗಾಗ ಖಾಲಿ ಬೀಳುತ್ತವೆ’ ಎಂದು ವರದಿ ಬರೆದೆ. ಮ್ಯಾನೇಜರ್ ಅರ್ಜಿ ತಿರಸ್ಕರಿಸಿದರು.

ಮರುದಿನ ನೀಲವ್ವ ನನ್ನೆದುರು ಬಂದು ಕೂತರು.

“ನನ್ನ ಖೋಲಿ ಒಂದಿನಾನೂ ಖಾಲಿ ಬಿದ್ದಿಲ್ರಿ ಮೇಡಮ್ಮಾರ. ಕೂಸು ಹುಟ್ಟಿದ ಮನ್ಯಾಗ ಎರಡು ತಿಂಗಳು ಬಾಡಗಿ ಕೇಳಂಗಿಲ್ಲ, ನಮ್ಮತ್ತಿ ಹಾಕಿಕೊಟ್ಟ ರೂಢಿ. ಬಾಣಂತಿ ನೂಲು ಸುತ್ತಂಗಿಲ್ಲ, ಗಂಡ ಒಬ್ಬಾವ ಎಷ್ಟಂತ ನೇಯ್ತಾನ್ರಿ?”

ಆ ಮಧ್ಯಾಹ್ನವೇ ಹೋದೆ. ಮೊದಲ ಖೋಲಿಯಲ್ಲೇ ತೊಟ್ಟಿಲು, ಪಕ್ಕದಲ್ಲಿ ಅರ್ಧ ನೇಯ್ದ ಸೀರೆ. ನಾಚಿಕೆಯಾಯಿತು. ವರದಿ ತಿದ್ದಿ ಬರೆದೆ. ಮ್ಯಾನೇಜರ್ ಒಪ್ಪಿದರು, ಒಂದು ಷರತ್ತಿನ ಮೇಲೆ: ಸಾಲ ತೀರುವವರೆಗೆ ಐದೂ ಖೋಲಿಯ ಬಾಡಿಗೆ ತಿಂಗಳು ತಪ್ಪದೆ ಬರಬೇಕು.

“ಅಲ್ಲೀತನಕಾ ಯಾರೂ ಹಡೀಬಾರದೇನ್ರಿ ಸಾಹೇಬ್ರ?” ಎಂದರು ನೀಲವ್ವ.

ಮ್ಯಾನೇಜರ್ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. “ವರ್ಷಕ್ಕ ಹತ್ತು ತಿಂಗಳ ಬಾಡಗಿ ಅಂತ ಹಿಡೀರಿ,” ಎಂದು ನನಗೆ ಹೇಳಿದರು. ಹಾಗೆ ಹಿಡಿದರೆ ಸಾಲ ಕಡಿಮೆಯಾಗಿ ಐದೇ ಖೋಲಿಯ ಚಾವಣಿಗೆ ಸಾಲುತ್ತಿತ್ತು.

“ಸಾಕ್ರಿ. ನನ್ನ ಖೋಲ್ಯಾಗ ಮಗ್ಗ ಇಲ್ಲ,” ಎಂದು ನೀಲವ್ವ ಸಹಿ ಹಾಕಿದರು.

ಮೊದಲ ಮಳೆ ಬಿದ್ದ ದಿನ ತಪಾಸಣೆಗೆಂದು ಹೋದೆ. ಐದೂ ಕುಣಿ ಒಣಗಿದ್ದವು, ಮಗ್ಗಗಳ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಆರನೆಯ ಖೋಲಿಯಲ್ಲಿ ಮಾತ್ರ ಬೋಗುಣಿಯೊಳಗೆ ಟಪಟಪ ಹನಿ. ಸೋರದೆ ಇದ್ದ ಒಂದೇ ಮೂಲೆಯಲ್ಲಿ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ತಾವು ತಲೆಯ ಮೇಲೆ ಸೆರಗು ಹೊದ್ದು ನಿಂತರು.

ಕಂತು ಒಂದೂ ತಪ್ಪಲಿಲ್ಲ. ಈಗ ಅರ್ಜಿಗಳು ಕಂಪ್ಯೂಟರಿನಲ್ಲೇ ಬರುತ್ತವೆ. ಆದರೂ ಬಾಡಿಗೆ ಪಟ್ಟಿಯಲ್ಲಿ ಖಾಲಿ ತಿಂಗಳು ಕಂಡರೆ, ಒಂದಕ್ಷರ ಬರೆಯುವ ಮೊದಲು ನಾನು ಎದ್ದು ಚಪ್ಪಲಿ ಮೆಟ್ಟುತ್ತೇನೆ.