ಕುರುಗೋಡಿನ ಪೆಟ್ಟಿಗೆಯಲ್ಲಿ ಸಿರುಗುಪ್ಪದ ಜೇನು

ನನ್ನ ತಂಗಿ ಬಳ್ಳಾರಿಯ ಕಾಲೇಜಿನಲ್ಲಿ ಜೇನುಹುಳಗಳನ್ನು ಅಳೆಯುತ್ತಾಳೆ. ಬೇರೆ ಬೇರೆ ಊರಿನ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ರೆಕ್ಕೆ, ಹಿಂಗಾಲು, ನಾಲಿಗೆ ಒಂದೇ ಅಳತೆಯವೋ ಅಲ್ಲವೋ ಎಂದು ನೋಡುವುದೇ ಅವಳ ಓದು. ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅದು ನಗೆಯಾಟವಾಗಿತ್ತು.

“ಏನವ್ವಾ, ಹುಳಕ್ಕ ಅಂಗಿ ಹೊಲಸ್ತೀಯೇನು?”

“ಹೂಂ. ನಿನಗ ಹೊಲಸಂಗಿಲ್ಲ ಬಿಡು, ಆ ಹೊಟ್ಟಿಗೆ ಟೇಪು ಸಾಲಂಗಿಲ್ಲ.”

ಕುರುಗೋಡು ಗುಡ್ಡದ ಬಂಡೆ ಸಂದಿಯಿಂದ ಒಂದು ಜೇನು ಕುಟುಂಬವನ್ನು ಹಿಡಿಸಿ, ಗುಡ್ಡದ ಕೆಳಗಿನ ನಮ್ಮ ಹೊಲದ ಬದುವಿನಲ್ಲಿ ಪೆಟ್ಟಿಗೆ ಇಟ್ಟಿದ್ದಳು. ಆ ಹುಳಗಳ ರೆಕ್ಕೆ ಚಿಕ್ಕವು. ಸಿರುಗುಪ್ಪದ ಕಾಲುವೆ ಕಡೆಯವು ತುಸು ದೊಡ್ಡವು. ಚಳಿಗಾಲದಲ್ಲಿ ಅಳೆದಿದ್ದಳು, ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯಬೇಕಿತ್ತು. ಅಲ್ಲಿಯತನಕ ಬಿಸಿಲೇರುವ ಮೊದಲು ಗೋಣಿಚೀಲ ನೆನೆಸಿ ಪೆಟ್ಟಿಗೆಗೆ ಹೊದಿಸುವುದು ನನ್ನ ಕೆಲಸ.

ಅಷ್ಟನ್ನೂ ಮಾಡಲಿಲ್ಲ. ಸಿರುಗುಪ್ಪದ ಹತ್ತಿರ ಹಚ್ಚೊಳ್ಳಿಯಲ್ಲಿ ಗೆಳೆಯನ ಮದುವೆ, ಊಟ, ಇಸ್ಪೀಟು. ಅಲ್ಲೇ ಉಳಿದುಬಿಟ್ಟೆ. ತಿರುಗಿ ಬಂದು ಮುಚ್ಚಳ ತೆಗೆದರೆ ಮೇಣ ಕರಗಿ ಗೂಡಿನ ಎರಿಗಳು ಕುಸಿದಿದ್ದವು. ಹುಳಗಳು ತಮ್ಮದೇ ತುಪ್ಪದಲ್ಲಿ ಮುಳುಗಿ ಸತ್ತಿದ್ದವು.

ಗುಡ್ಡದ ಸಂದಿಗಳನ್ನೆಲ್ಲ ಹುಡುಕಿದೆ. ಬಿಸಿಲಿಗೆ ಜೇನು ಎದ್ದುಹೋಗಿತ್ತು. ಕೊನೆಗೆ ಹಚ್ಚೊಳ್ಳಿ ಕಾಲುವೆ ಪಕ್ಕದ ಬೇವಿನ ಪೊಟರೆಯಿಂದ ಜೇನು ತಂದು ಪೆಟ್ಟಿಗೆ ತುಂಬಿಸಿದೆ. ಹುಳ ಹುಳವೇ ಅಲ್ಲವೇ ಎಂದುಕೊಂಡೆ. ತಂಗಿಗೆ ಹೇಳಲಿಲ್ಲ.

ಅವಳು ಬಂದು ಹುಳ ಹಿಡಿದು ಒಯ್ದಳು. ಅಳೆದಳು, ಮತ್ತೆ ಅಳೆದಳು. ಅಳತೆ ನೋಡಿ ಕಾಲೇಜಿನ ಮೇಷ್ಟ್ರು ಅವಳನ್ನು ಕರೆದ ದಿನ ನಾನೂ ಜೊತೆಗೆ ಬಳ್ಳಾರಿಗೆ ಹೋಗಿದ್ದೆ. ಹೊರಗೆ ನಿಂತವನಿಗೆ ಎಲ್ಲ ಕೇಳಿಸುತ್ತಿತ್ತು.

“ಅದೇ ಪೆಟ್ಟಿಗಿ. ಆಗ ಸಣ್ಣ ರೆಕ್ಕಿ, ಈಗ ದೊಡ್ಡವು? ಆ ಸಣ್ಣವು ಎಲ್ಲಿಂದ ತಂದ್ಯೋ ಯಾರಿಗೆ ಗೊತ್ತು. ಬೇಕಾದಂಗ ಬರ್ಕೊಂಡು ಬಂದ್ರ ನಡೆಯಂಗಿಲ್ಲವ್ವಾ.”

“ಇಲ್ಲ ಸರ್, ಅಳೆದದ್ದನ್ನ ಬರದೀನಿ.”

ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಚಪ್ಪಲಿ ಬಿಟ್ಟೆ. ಮತ್ತೆ ಮೆಟ್ಟಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಅವಳೇ ಅಂದಳು: “ನನ್ನ ಕಣ್ಣ ಸರಿ ಇಲ್ಲೇನೋ ಅಣ್ಣಾ. ಓದು ಬಿಟ್ಬಿಡ್ತೀನಿ.”

ಆಗ ಹೇಳಿದೆ, ಎಲ್ಲವನ್ನೂ.

“ನಡಿ, ಸರ್‌ಗೆ ನಾನ ಹೇಳ್ತೀನಿ,” ಅಂದೆ.

“ತಂಗಿ ಸಲುವಾಗಿ ಸುಳ್ಳು ಹೇಳಾಕ ಬಂದಾನ ಅಂತಾರ. ಸತ್ತ ಹುಳ ಎಲ್ಲಿ ಒಗದಿ?”

ಸತ್ತ ಹುಳದ ರೆಕ್ಕೆಯನ್ನೂ ಅಳೆದು ತೋರಿಸಬಹುದೆಂದು ನನಗೆ ತಿಳಿದದ್ದೇ ಆಗ.

ಹೊಲದ ಜಾಲಿ ಗಿಡದ ಬುಡಕ್ಕೆ ಚೆಲ್ಲಿದ್ದೆ. ಊರಿಗೆ ಬಂದು ಇಬ್ಬರೂ ಮಂಡಿಯೂರಿ ಹುಡುಕಿದೆವು. ಇರುವೆಗಳು ಒಂದು ಹುಳವನ್ನೂ ಬಿಟ್ಟಿರಲಿಲ್ಲ. ಮಣ್ಣು ಮೆತ್ತಿದ ಮೇಣದ ಒಂದು ಮುದ್ದೆ ಸಿಕ್ಕಿತು. ಅದರಲ್ಲಿ ಕೆಲವು ರೆಕ್ಕೆಗಳು ಹೂತಿದ್ದವು. ತಂಗಿ ಬದುವಿನ ಮೇಲೆ ಕೂತು ಸೂಜಿಯಿಂದ ಬಿಡಿಸತೊಡಗಿದಳು. ಮೊದಲನೆಯದು ಹರಿದುಹೋಯಿತು.

“ದೂರ ನಿಂದ್ರು. ನಿನ್ನ ಉಸಿರಿಗೂ ಹಾರ್ತಾವ.”

ಉಸಿರು ಬಿಗಿಹಿಡಿದು ನಿಂತೆ. ಎರಡನೆಯದೂ ಹರಿಯಿತು. ಅವಳು ತಲೆಯೆತ್ತದೆ ಮುದ್ದೆಯನ್ನು ತಿರುವಿ ಇನ್ನೊಂದಕ್ಕೆ ಸೂಜಿ ಇಟ್ಟಳು.