ಒಂದು ಉದ್ದ, ಎರಡು ಗಿಡ್ಡ

ಕಾಂತರಾಜನಿಗೆ ಯಾರು ಏನು ಹೇಳಿದರೂ ಎರಡು ಸಲ ಹೇಳಬೇಕಿತ್ತು. ಹೆಂಡತಿ ಇಂದ್ರಾಣಿ ಅಡುಗೆಮನೆಯಿಂದ ಕಾಫಿ ಆಯಿತೆಂದು ಕೂಗಿದರೆ, "ಇನ್ನೊಂದು ಕಿತ ಯೋಳು" ಅನ್ನುವನು. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ಊರಿನ ಹೆಸರು ಕೇಳಿದರೂ ಅದೇ ಮಾತು. ಗಣಿ ಕೆಲಸದವರ ಸಾಲುಮನೆಗಳ ಆ ಲೈನಿನವರು ಅವನನ್ನು ಕಿವುಡನೆಂದು ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು. ಕಿವುಡೂ ಇಲ್ಲ, ಮಣ್ಣೂ ಇಲ್ಲ. ಮೂರು ಮನೆ ಆಚೆಯ ನಲ್ಲಿಯಲ್ಲಿ ನೀರು ಬಂದ ಸದ್ದು ಮೊದಲು ಕೇಳಿಸುತ್ತಿದ್ದದ್ದು ಅವನಿಗೇ. ಕೇಳಿಸಿದ್ದನ್ನು ನಂಬುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ.

ಆ ಭಾನುವಾರ ಅವನು ಕೂತಲ್ಲಿ ಕೂರಲಿಲ್ಲ. ಮಗಳು ಮೀನಾ ಬಿಡಿ ಸಾಮಾನು ತಂದು ತಾನೇ ಜೋಡಿಸಿದ ಕಂಪ್ಯೂಟರು ಹಿಂದಿನ ದಿನದಿಂದ ಮೊಂಡು ಹಿಡಿದಿತ್ತು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗುತ್ತದೆ, ನೀಲಿ ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಗೆ ಹಾಗೇ ಇರುತ್ತದೆ. ಮೀನಾ ಬಂಗಾರಪೇಟೆಯ ಒಂದು ಸ್ಟುಡಿಯೋದಲ್ಲಿ ಎಂಟು ವರ್ಷ ಮದುವೆ ಆಲ್ಬಮ್ ಮಾಡಿದವಳು. ಹೋದ ತಿಂಗಳು ಕೆಲಸ ಬಿಟ್ಟು, ಮನೆಯಲ್ಲೇ ಮಾಡುತ್ತೇನೆಂದು ಹೇಳಿ ಬಂದಿದ್ದಳು. "ವಾಪಸ್ ಬಂದೇ ಬರ್ತೀಯ, ಕುರ್ಚಿ ಹಾಗೇ ಇಟ್ಟಿರ್ತೀನಿ" ಎಂದು ಮಾಲೀಕ ನಕ್ಕಿದ್ದ. ಮೊದಲ ಆಲ್ಬಮ್ಮನ್ನು ಬುಧವಾರ ಕೊಡಬೇಕಿತ್ತು. ಅದು ತಪ್ಪಿದರೆ ಗುರುವಾರ ಬೆಳಗಿನ ರೈಲು ಹತ್ತಿ ಆ ಕುರ್ಚಿಗೆ ಹೋಗಿ ಕೂರಬೇಕು. ಅವಳು ಬೇರೆ ದಾರಿ ಇಟ್ಟುಕೊಂಡಿರಲಿಲ್ಲ.

ಸಾಮಾನು ಮಾರಿದ ಬಂಗಾರಪೇಟೆಯ ಅಂಗಡಿಯಿಂದ ನರೇಶ್ ಬೆಳಗ್ಗೆಯೇ ಬಂದಿದ್ದ. ಒಳ್ಳೆಯ ಕೆಲಸಗಾರ, ಸ್ವಲ್ಪ ಬಾಯಿ ಜಾಸ್ತಿ. ಪೆಟ್ಟಿಗೆಯ ಒಳಗೆ ಕಡಲೆಕಾಳಿನಷ್ಟು ಸ್ಪೀಕರು ಸಿಕ್ಕಿಸಿ, "ಇನ್ನು ಅದೇ ಬಾಯಿ ಬಿಟ್ಟು ಯೋಳ್ತದೆ, ಎಲ್ಲಿ ನೋವು ಅಂತ" ಅಂದ. ಕಂಪ್ಯೂಟರು ಕೂಗಿ ತನ್ನ ತೊಂದರೆ ಹೇಳುವ ಲೆಕ್ಕ ಒಳಗಿನ ಮುಖ್ಯ ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿತ್ತು. ಒಂದು ಉದ್ದ, ಮೂರು ಗಿಡ್ಡ ಕೂಗಿದರೆ ಚಿತ್ರ ತೋರಿಸುವ ಕಾರ್ಡು ಸಿಗುತ್ತಿಲ್ಲ. ಒಂದು ಉದ್ದ, ಎರಡು ಗಿಡ್ಡವಾದರೆ ಮೆಮೊರಿ ಸಿಗುತ್ತಿಲ್ಲ. ನರೇಶ್ ಮೇಜಿನ ಕೆಳಗಿದ್ದ ಯುಪಿಎಸ್ ಹಾಕಿದ, ಪೆಟ್ಟಿಗೆಯ ಗುಂಡಿ ಒತ್ತಿದ, ಬೆರಳು ಮಡಿಸಿದ. ಮೂರು. ಎಲ್ಲ ಆರಿಸಿ, ಕಾರ್ಡು ಕಿತ್ತು ಕೂರಿಸಿ, ಮತ್ತೆ ಹಾಕಿದ. ಮತ್ತೆ ಮೂರು. ತಾನು ತಂದಿದ್ದ ಇನ್ನೊಂದು ಕಾರ್ಡು ಹಾಕಿದ. ಆಗಲೂ ಮೂರೇ.

ಬಾಗಿಲಲ್ಲಿ ನಿಂತಿದ್ದ ಕಾಂತರಾಜನಿಗೆ ಎರಡು ಕೇಳಿಸಿತ್ತು.

ಅವನು ಹಿತ್ತಿಲಿಗೆ ಹೋದ. ಅಲ್ಲಿ ಮಾಡುವುದೇನೂ ಇರಲಿಲ್ಲ, ವಾಪಸ್ ಬಂದ. ಮತ್ತೆ ಎರಡು. ಜಗಲಿಗೆ ಹೋಗಿ ನಿಂತ, ಚಪ್ಪಲಿ ಮೆಟ್ಟಿದ, ಬಿಟ್ಟ. ಎಣಿಸುವ ಕೆಲಸ ಅವನು ಬಿಟ್ಟು ಇಪ್ಪತ್ತೇಳು ವರ್ಷವಾಗಿತ್ತು.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಾಂತರಾಜ ವೈಂಡರ್ ಆಗಿದ್ದ. ಪಾತಾಳದಿಂದ ಜನರನ್ನೂ ಅದಿರನ್ನೂ ಎತ್ತಿ ಇಳಿಸುವ ಪಂಜರದ ಯಂತ್ರ ಅವನ ಕೈಯಲ್ಲಿತ್ತು. ಕೆಳಗೆ ಏನು ನಡೆಯುತ್ತಿದೆ ಎಂದು ವೈಂಡರನಿಗೆ ಕಾಣುವುದಿಲ್ಲ, ಗಂಟೆಯೇ ಅವನ ಕಣ್ಣು. ಎರಡು ಹೊಡೆದರೆ ಪಂಜರ ಇಳಿಸಬೇಕು. ಮೂರು ಹೊಡೆದರೆ ಮನುಷ್ಯರು ಹತ್ತುತ್ತಿದ್ದಾರೆ, ಕದಲಿಸಬಾರದು. ಮೇಲಿನ ಗಂಟೆಗೆ ಒಂದು ದನಿ, ಕೆಳಗಿನದಕ್ಕೆ ಇನ್ನೊಂದು. ಹನ್ನೊಂದು ವರ್ಷ ಅವನು ಒಂದು ಎಣಿಕೆಯಲ್ಲೂ ತಪ್ಪಿರಲಿಲ್ಲ.

ಆಮೇಲೆ ಒಂದು ಪಾಳಿಯಲ್ಲಿ ಎರಡು ಕೇಳಿಸಿತು, ಇಳಿಸಿದ. ಪಂಜರದೊಳಗೆ ಕಾಲಿಡುತ್ತಿದ್ದ ಮುನಿಯಪ್ಪನ ಬಲ ಪಾದ ಹೋಯಿತು. ಗಂಟೆ ಹೊಡೆದವನೂ ಮುನಿಯಪ್ಪನೇ. ಆಸ್ಪತ್ರೆಯ ಮಂಚದಿಂದ ಅವನು "ಮೂರು ಹೊಡೆದೆ" ಅಂದ. ಕಾಲು ಕಳೆದುಕೊಂಡು ಮಲಗಿದವನ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಕಾಂತರಾಜನನ್ನು ಯಂತ್ರದಿಂದ ತೆಗೆದು ದೀಪ ಒರೆಸುವ ಕೋಣೆಗೆ ಹಾಕಿದರು. ಮೊದಮೊದಲು "ಎರಡೇ ಕೇಳಿಸಿದ್ದು" ಅನ್ನುತ್ತಿದ್ದ. ವರ್ಷ ಕಳೆಯುವುದರಲ್ಲಿ ತನ್ನ ಕಿವಿಯೇ ಕೆಟ್ಟದ್ದು ಎಂದು ಅವನಿಗೂ ಖಾತ್ರಿಯಾಯಿತು. ಗಣಿ ಮುಚ್ಚಿತು, ಅವನ ತಪ್ಪು ಮುಚ್ಚಲಿಲ್ಲ. ಅದೇ ಸಾಲಿನ ಕೊನೆಮನೆಯ ಮುನಿಯಪ್ಪನಿಗೆ ದಿನಾ ಬೆಳಗ್ಗೆ ಎರಡು ಕೊಡ ನೀರು ಹೊತ್ತು ಹಾಕುತ್ತ ಬಂದ. ಮೀನಾಳಿಗೆ ಸೈಕಲ್ ಕಲಿಸುವಾಗಲೂ, ಹೊಲಿಗೆ ಯಂತ್ರ ಮುಟ್ಟಿಸುವಾಗಲೂ ಒಂದೇ ಪಾಠ: ತಡೆದರೆ ನಿಲ್ಲಿಸು, ಬಲ ಹಾಕಬೇಡ.

ಮಧ್ಯಾಹ್ನ ಊರುಗೋಲು ಊರಿಕೊಂಡು ಮುನಿಯಪ್ಪನೂ ಬಂದ. ಲೈನಿನಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ನೋಡಲು ಬಂದು ಕೂರುವುದು ಅವನ ರೂಢಿ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತು, "ಏನಂತೆ ಕಾಂತಾ, ಇನ್ನೂ ಎದ್ದಿಲ್ವ?" ಅಂದ.

"ಬೋರ್ಡೇ ಓಗೈತೆ" ಎಂದು ಒಳಗಿಂದ ನರೇಶ್ ಉತ್ತರ ಕೊಟ್ಟ. "ಸಂಜೆ ರೈಲಿಗೆ ತಕೊಂಡು ಓಯ್ತೀನಿ. ಕಂಪನಿಗೆ ಕಳ್ಸಿ ಬದಲಿ ಬರೋಕೆ ಹದಿನೈದು ದಿನ ಆಗ್ತದೆ ಅಕ್ಕಾ." ಹೇಳುತ್ತಲೇ ಸ್ಕ್ರೂ ಬಿಚ್ಚತೊಡಗಿದ.

ಮೀನಾ ಗೋಡೆಗೆ ಸಿಕ್ಕಿಸಿದ್ದ ಆಲ್ಬಮ್ಮಿನ ಪಟ್ಟಿಯನ್ನು ತೆಗೆದು ನಾಲ್ಕಾಗಿ ಮಡಚಿದಳು. ಕಾಂತರಾಜನಿಗೆ ಅದನ್ನು ನೋಡಲಾಗಲಿಲ್ಲ. ಹೇಳಿ ತಪ್ಪಾದರೆ ಇನ್ನೊಮ್ಮೆ ಎಲ್ಲರೆದುರು ಕೆಟ್ಟ ಕಿವಿಯವನಾಗಬೇಕು, ಅದೂ ಮುನಿಯಪ್ಪನ ಎದುರಿಗೆ. ಹೇಳದಿದ್ದರೆ ಮಗಳು ಆ ಕುರ್ಚಿಗೆ ಹೋಗಬೇಕು.

"ಎರಡು" ಅಂದ.

ಯಾರಿಗೂ ಅರ್ಥವಾಗಲಿಲ್ಲ. ಈ ಸಲ ಅವನೇ ಇನ್ನೊಂದು ಸಲ ಹೇಳಬೇಕಾಯಿತು. "ಗಿಡ್ಡದ್ದು ಎರಡೇ ಕೂಗೋದು. ಮೂರಲ್ಲ."

ನರೇಶ್ ನಕ್ಕ. "ನಿಮಗೆ ಕಾಪಿ ಕುಡೀರಿ ಅಂತ ಎರಡು ಕಿತ ಯೋಳಬೇಕು. ನೀವು ಬೀಪ್ ಎಣಿಸ್ತೀರ ಅಣ್ಣಾ?"

"ಮೂರನೇದು ಮೇಜಿನ ಕೆಳಗಿಂದು. ಅದರ ದನಿ ಬೇರೆ."

ಮೀನಾ ಅಪ್ಪನ ಮುಖ ನೋಡಿದಳು. ಅಪ್ಪ ತಾನಾಗಿ ಏನನ್ನಾದರೂ ಹೀಗೇ ಎಂದು ಹೇಳಿದ್ದನ್ನು ಅವಳು ಕಂಡದ್ದೇ ಇಲ್ಲ. ಎದ್ದು ಯುಪಿಎಸ್ ವೈರು ಕಿತ್ತು, ಪೆಟ್ಟಿಗೆಯ ವೈರನ್ನು ನೇರ ಗೋಡೆಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಉದ್ದವಾಗಿ ಒಂದು. ಗಿಡ್ಡವಾಗಿ ಒಂದು, ಎರಡು. ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಾಕಿದ ಸ್ವಲ್ಪ ಹೊತ್ತಿಗೆ ತಾನೂ ಒಂದು ಸಲ ಗಿಡ್ಡವಾಗಿ ಕೂಗುವ ಚಾಳಿ ಯುಪಿಎಸ್ಸಿಗಿದೆ ಎಂಬುದು ನರೇಶನಿಗೆ ಗೊತ್ತಿಲ್ಲದ್ದೇನಲ್ಲ. ಎರಡನ್ನೂ ಒಟ್ಟಿಗೆ ಹಾಕಿ ಎಣಿಸಿದ್ದಕ್ಕೆ ಅವನ ಕಿವಿ ಕೆಂಪಾಯಿತು.

"ಮೆಮೊರಿ ಆಗಿದ್ರೆ..." ಎಂದು ಬಗ್ಗಿ ನೋಡಿದ. "ಸರಿಯಾಗೇ ಕೂತಂಗೆ ಕಾಣ್ತದಲ್ಲ."

ಮೀನಾ ವೈರು ಕಿತ್ತು, ಮೆಮೊರಿಯ ಉದ್ದನೆ ಬಿಲ್ಲೆಯ ಎರಡು ತುದಿಗೂ ಹೆಬ್ಬೆರಳಿಟ್ಟು ಒತ್ತಿದಳು, ನಿಲ್ಲಿಸಿದಳು. "ತಡೀತೈತೆ ನೈನಾ." ಚಿಕ್ಕಂದಿನಿಂದ ಅವಳು ಅಪ್ಪನನ್ನು ಕರೆಯುವುದು ನೈನಾ ಎಂದೇ.

ಬಲ ಹಾಕಬೇಡವೆಂದು ಕಲಿಸಿದವನು ಅವನೇ. ಹೆದರಿಕೆ ತನ್ನದು, ಮಗಳ ಕೈಗೆ ಅಂಟಿಸಿದವನೂ ತಾನೇ ಎಂದು ಕಾಂತರಾಜನಿಗೆ ಆಗ ಹೊಳೆಯಿತು. "ಒತ್ತು" ಅಂದ. "ತಡೀಲಿ. ನಾನು ಕೇಳ್ತಾ ಇವ್ನಿ."

ಟಕ್ ಅಂದಿತು.

"ಇನ್ನೊಂದು ಕಡೆ ಬಾಕಿ ಐತೆ."

ಅವಳು ಬಲ ಹಾಕಿ ಒತ್ತಿದಳು. ಅದೂ ಟಕ್ ಅಂದಿತು. ವೈರು ಹಾಕಿ ಗುಂಡಿ ಒತ್ತಿದಾಗ ಪೆಟ್ಟಿಗೆ ಗಿಡ್ಡವಾಗಿ ಒಂದೇ ಒಂದು ಸಲ ಕೂಗಿತು, ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಇಂದ್ರಾಣಿ ಒದ್ದೆ ಕೈಯಲ್ಲೇ ಓಡಿ ಬಂದಳು. ಮೀನಾ ಮಡಚಿದ ಪಟ್ಟಿಯನ್ನು ಬಿಚ್ಚಿ ಗೋಡೆಗೆ ಸಿಕ್ಕಿಸಿ, ಅಲ್ಲೇ ಗೋಡೆಗೆ ಮುಖ ಮಾಡಿ ಸ್ವಲ್ಪ ಅತ್ತಳು. ನರೇಶ್ ಮಾತ್ರ ತನ್ನ ಜನ್ಮದಲ್ಲಿ ಮೊದಲ ಬಾರಿಗೋ ಏನೋ, ಮಾತಿಲ್ಲದೆ ಕಾಫಿ ಕುಡಿದು ಸ್ಟೇಷನ್ನಿಗೆ ಹೊರಟ.

ಕಾಂತರಾಜ ಜಗಲಿಗೆ ಬಂದ. ಸಂತೋಷವಾಗಿತ್ತು. ಮುನಿಯಪ್ಪ ಕಲ್ಲಿನ ಮೇಲೆ ಹಾಗೇ ಕೂತಿದ್ದ. ಒಳಗೆ ಇಷ್ಟೆಲ್ಲ ಆದರೂ ಅವನು ಇಣುಕಿ ನೋಡಿರಲಿಲ್ಲ.

"ಸರಿಯಾಗಿ ಎಣಿಸ್ದೆ" ಅಂದ ಮುನಿಯಪ್ಪ.

"ಏನೋ, ಅಂದಾಜು."

"ಅಂದಾಜಲ್ಲ." ಮುನಿಯಪ್ಪ ನೆಲ ನೋಡುತ್ತಿದ್ದ. "ಅವತ್ತೂ ನೀನು ಸರಿಯಾಗೇ ಎಣಿಸಿದ್ದೆ ಕಾಂತಾ. ಆತುರದಲ್ಲಿ ನಾನು ಬಾರ್ಸಿದ್ದೇ ಎರಡು. ನನ್ನ ಕಾಲು ನಾನೇ ಕಳ್ಕೊಂಡೆ ಅಂತ ಯೋಳೋಕೆ ಬಾಯಿ ಬರ್ಲಿಲ್ಲ. ಆಮೇಲೆ ನೀನು ನೀರು ತಂದಾಕೋಕೆ ಸುರು ಮಾಡ್ದೆ. ಆಗಂತೂ ಬಾಯಿ ಬರ್ಲೇ ಇಲ್ಲ."

ಕಾಂತರಾಜನಿಗೆ ಸಿಟ್ಟು ಬಂತು. ಯಂತ್ರದ ಹಿಡಿ ಹಿಡಿಯದೆ ಕಳೆದ ಅಷ್ಟೂ ವರ್ಷ, ಕಿವುಡನೆಂದು ನಕ್ಕವರ ಮುಖ, ಹೊತ್ತ ಕೊಡಗಳು ಎಲ್ಲವೂ ಅದರ ಜೊತೆ ಬಂದವು. ಗೋಡೆಗೆ ಕೈ ಊರಿ ನಿಂತ. ಬಾಯಿಂದ ಹೊರಟದ್ದು ಮಾತ್ರ ಅದೇ ಹಳೆಯ ಮಾತು.

"ಇನ್ನೊಂದು ಕಿತ ಯೋಳು."

ಮುನಿಯಪ್ಪ ಊರುಗೋಲನ್ನು ಎತ್ತಿ ಜಗಲಿಯ ಕಲ್ಲಿಗೆ ಕುಟ್ಟಿದ. ಮತ್ತೊಮ್ಮೆ ಕುಟ್ಟಿದ. ಆಮೇಲೆ ಕೋಲನ್ನು ಕೆಳಗಿಟ್ಟ.

ಕಾಂತರಾಜ ಮೂರನೆಯದಕ್ಕೆ ಬಹಳ ಹೊತ್ತು ಕಾದ. ಅದು ಬರಲಿಲ್ಲ.